ಗಾಜಿನ ಮನೆಯವರು ಹಾಜರು

ಕುಷ್ಟಗಿ
೧೪ ಜನವರಿ ೧೯೩೯, ಸಂಕ್ರಾಂತಿ

ನಮ್ಮ ಮನೆಯವರಿಗೆ ಪಂಪಾವತಿಯ ಶರಣು.

ಜೈಲಿನವರು ಕೊಡುತ್ತೇವೆಂದು ಹೇಳಿದ್ದು: ತಿಂಗಳಿಗೊಂದು ಪತ್ರ, ಮೂರು ತಿಂಗಳಿಗೊಂದು ಮುಲಾಖತ್, ಚಳಿಗೆ ಇನ್ನೊಂದು ಕಂಬಳಿ, ಓದಲು ಪುಸ್ತಕ. ಕೊಟ್ಟದ್ದು: ಪತ್ರ. ಅದೂ ಅವರು ಒಡೆದು, ಓದಿ, ಮುದ್ರೆ ಒತ್ತಿದ ಮೇಲೆ. ಕಂಬಳಿ ಬಂತೋ ಇಲ್ಲವೋ ನೀವು ಬರೆದಿಲ್ಲ. ಮುಲಾಖತ್ ಇಲ್ಲ, ಮುಖ ನೋಡಲು ಬಿಟ್ಟಿಲ್ಲ. ಡಿಸೆಂಬರಿನಲ್ಲಿ ನಾನು ಕೊಪ್ಪಳದ ತನಕ ಮೋಟಾರಿನಲ್ಲಿ ಬಂದು, ರೈಲು ಹತ್ತಿ, ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಆ ದೊಡ್ಡ ಬಾಗಿಲಿನ ಮುಂದೆ ನಿಂತೆ. ಯಾರನ್ನು ನೋಡಬೇಕು ಎಂದು ಸಿಪಾಯಿ ಕೇಳಿದ. ಗಂಡನ ಹೆಸರು ಬಾಯಿಗೆ ಬರಲಿಲ್ಲ. "ಕುಷ್ಟಗಿ ಮಾಸ್ತರು," ಅಂದೆ. "ಮಾಸ್ತರ್ ಮಂದಿ ಒಳಗ ಭಾಳ ಅದಾರವ್ವಾ, ಹೆಸರು ಹೇಳು," ಎಂದು ನಕ್ಕ. ಹೇಳುವಷ್ಟರಲ್ಲಿ ಸಾಹೇಬರು ಊಟಕ್ಕೆ ಹೋದರು. ನಿಮಗೂ ನನಗೂ ನಡುವೆ ಒಂದು ಗೋಡೆ. ರೊಟ್ಟಿ ಗಂಟನ್ನು ಆ ಸಿಪಾಯಿಯ ಕೈಗೇ ಕೊಟ್ಟು ಬಂದೆ. ನಿಮಗೆ ಮುಟ್ಟಿತೋ, ಅವನ ಹೊಟ್ಟೆಗೆ ಮುಟ್ಟಿತೋ.

ನೀವು ಕೊಡುತ್ತೇನೆಂದದ್ದನ್ನೂ ಬರೆಯುತ್ತೇನೆ. ಸರಕಾರವೊಂದನ್ನೇ ಬೈದರೆ ನ್ಯಾಯವಲ್ಲ. ಮದುವೆಯಾದ ವರ್ಷ ಇಳಕಲ್ ಸೀರೆ ತರುತ್ತೇನೆಂದಿರಿ. ಇಳಕಲ್ಲು ಇಲ್ಲೇ ಮಗ್ಗುಲಲ್ಲಿದೆ. ನೀವು ಹೈದರಾಬಾದಿಗೆ ಹೋಗಿ, ಸೀರೆಯ ಬದಲು ಗಾಜಿನ ಪೆಟ್ಟಿಗೆಯಲ್ಲಿ ಎರಡು ಬಂಗಾರದ ಮೀನು ತಂದಿರಿ. ದೀಪಾವಳಿಗೆ ಮನೆಯಲ್ಲಿರುತ್ತೇನೆಂದಿರಿ. ದಸರೆಗೇ ನಿಮ್ಮನ್ನು ಹಿಡಿದುಕೊಂಡು ಹೋದರು. ಪರವಾನಗಿ ಇಲ್ಲದೆ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಿದಿರಂತೆ. ಅದಕ್ಕೆ ಒಂದು ವರ್ಷ. ಸಾಲೆಗೆ ಹಾಕಿದ ಬೀಗ ಮಳೆಯಲ್ಲಿ ನೆನೆದು ತುಕ್ಕು ಹಿಡಿದಿದೆ.

"ಮೀನು" ಎಂಬ ಮಾತನ್ನು ಬರೆಯುವುದು ಇದೇ ಕೊನೆ. ನಿಮಗೆ ಗೊತ್ತಲ್ಲ, ಲಿಂಗ ಕಟ್ಟಿದವರ ಮನೆಯಲ್ಲಿ ಆ ಹೆಸರು ನಾಲಿಗೆಯ ಮೇಲೆ ಬರಬಾರದು ಎಂದು ಅತ್ತೆಯವರ ಕಟ್ಟಪ್ಪಣೆ. ಕಾಗದ ಬಂದರೂ ಹೋದರೂ ಅವರಿಗೆ ಓದಿ ಹೇಳಬೇಕು. ಇವತ್ತು ಎಳ್ಳು ಬೆಲ್ಲದ ಗಡಿಬಿಡಿಯಲ್ಲಿದ್ದಾರೆ, ಅದಕ್ಕೇ ಧೈರ್ಯ. ಇನ್ನು ಮೇಲೆ ಅವರಿಟ್ಟ ಹೆಸರೇ: ಗಾಜಿನ ಮನೆಯವರು. ಹೊಟ್ಟೆ ದೊಡ್ಡದಿರುವವಳು ದೊಡ್ಡಮ್ಮ, ಬಾಲ ಹರಿದವನು ಸಣ್ಣಪ್ಪ.

ಹೊಟ್ಟೆಯ ಮಾತು ಬಂತು. ದೊಡ್ಡಮ್ಮನ ಹೊಟ್ಟೆ ಹದಿನೈದು ದಿನದಿಂದ ಉಬ್ಬಿದೆ. ಅತ್ತೆಯವರು ಗಾಜಿಗೆ ಮೂಗು ಹಚ್ಚಿ ನೋಡಿ, "ಏ ಪಂಪಾ, ಈಕಿ ಬಸರಿ ಅದಾಳ!" ಅಂದರು. ನಿಮ್ಮನ್ನು ಹಿಡಿದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನಡುಮನೆಯ ತೊಲೆಯಲ್ಲಿ ತೊಟ್ಟಿಲಿಗೆಂದು ಬಡಿದ ಕೊಂಡಿ ಖಾಲಿ ಇತ್ತಲ್ಲ, ಅದಕ್ಕೆ ಕಂದೀಲು ತೂಗು ಹಾಕಿ ಗಾಜಿನ ಮನೆಗೆ ಬೆಳಕು ಮಾಡಿದ್ದಾರೆ. ಬಸರಿಗೆ ಕತ್ತಲು ಆಗಬಾರದಂತೆ.

ಹೌದೋ ಅಲ್ಲವೋ ಬೇಗ ಬರೆಯಿರಿ.

ನಿಮ್ಮ
ಪಂಪಾವತಿ


ಜೈಲು
೨ ಫೆಬ್ರವರಿ ೧೯೩೯

ಪಂಪಾ,

ಸೌಭಾಗ್ಯವತಿ, ಆಶೀರ್ವಾದ ಎಂದೆಲ್ಲ ಬರೆಯಬೇಕು. ಬರೆದರೆ ನೀನು ನಗುತ್ತೀ. ಬಿಟ್ಟಿದ್ದೇನೆ. ರೊಟ್ಟಿ ಮುಟ್ಟಲಿಲ್ಲ. ಗುರೆಳ್ಳು ಚಟ್ನಿಪುಡಿ ಮುಟ್ಟಿತು, ಸಿಪಾಯಿಗೆ ಖಾರ ತಡೆಯಲಿಲ್ಲವಂತೆ. ಕಂಬಳಿ ಬಂದಿದೆ.

ದೊಡ್ಡಮ್ಮ ಬಸರಿಯಲ್ಲ. ಅವರ ಜಾತಿಯಲ್ಲಿ ತತ್ತಿ ಇಡುತ್ತಾರೆ. ತತ್ತಿ ತುಂಬಿದವಳು ಚುರುಕಾಗಿರುತ್ತಾಳೆ, ತಿನ್ನುತ್ತಾಳೆ. ಇವಳು ಹೇಗಿದ್ದಾಳೆ? ನೀನು ಒಂದು ಕೆಲಸ ಮಾಡು. ಬೆಳಗಿನ ಬಿಸಿಲು ಕಿಟಕಿಯಿಂದ ನೀರಿಗೆ ಬೀಳುವ ಹೊತ್ತಿಗೆ, ನಾನು ಕೂಡುತ್ತಿದ್ದ ಮಗ್ಗುಲಿಗೆ ಕೂಡು. ಮೊದಲು ಬೆನ್ನು ನೋಡು. ಹೊಟ್ಟೆ ಉಬ್ಬಿ, ಬೆನ್ನು ಮಾತ್ರ ಚಾಕುವಿನ ಹಾಗೆ ಚೂಪಾಗಿದೆಯೋ? ತಿಂಡಿಯನ್ನು ಬಾಯಿಗೆ ತೆಗೆದುಕೊಂಡು ಮತ್ತೆ ಉಗುಳುತ್ತಾಳೋ? ಅವಳು ಹೊರಗೆ ಬಿಡುವುದು ತಿಂದದ್ದರ ಬಣ್ಣವಿದ್ದು ತುಂಡಾಗಿ ಬಿದ್ದರೆ ಚಿಂತೆಯಿಲ್ಲ. ಬಿಳಿ ದಾರದ ಹಾಗೆ ಉದ್ದಕ್ಕೆ ಜೋತಾಡುತ್ತಿದ್ದರೆ ಹೊಟ್ಟೆಯಲ್ಲಿ ಜಂತು ಇದೆ. ಕಡೆಯದು: ಅವಳು ಅಲುಗಾಡದೆ ನಿಂತಾಗ ಬಾಲದ ಮುಂದಿನ ದ್ವಾರದಲ್ಲಿ ಕೆಂಪು ಕೂದಲ ತುದಿಯಂಥದ್ದು ಇಣುಕುತ್ತದೆಯೋ ನೋಡು. ಇವಳು ಬೆದರಿದರೆ ಅದು ಒಳಗೆ ಸೇರಿಕೊಳ್ಳುತ್ತದೆ. ಅದಕ್ಕೇ ಸುಮ್ಮನೆ ಕೂತು ನೋಡಬೇಕು.

ಇದೆಲ್ಲ ನನಗೆ ತಿಳಿದದ್ದು ಅವರನ್ನು ಮಾರಿದವನು ಜೊತೆಗೆ ಕೊಟ್ಟ ಉರ್ದು ಕಿತಾಬಿನಿಂದ. ಕೋರ್ಟಿನಲ್ಲಿ ನಾನು ಉರ್ದುವಿನ ವೈರಿ ಅಂದರು. ಅಷ್ಟು ಚಂದದ ಭಾಷೆಗೆ ಯಾರು ವೈರಿ? ನಮ್ಮ ಮಕ್ಕಳ ಬಾಯಿ ಹೊಲಿಯಲು ಅದನ್ನು ದಾರ ಮಾಡಿಕೊಂಡವರಿಗೆ ವೈರಿ.

ಓದಿ ಹೇಳುವಾಗ ಈ ಮಾತು ಹಾರಿಸು, ಅವ್ವನಿಗೆ ಒಮ್ಮೆಲೇ ಹೇಳಬೇಡ. ಬೆಳಿಗ್ಗೆ ನೀನು ಅಲ್ಲಿ ಕೂತಾಗ ನಾನೂ ಇಲ್ಲಿ ಕೂತಿರುತ್ತೇನೆ. ಕಿಟಕಿಯಿಲ್ಲ, ಆದರೂ ಬಿಸಿಲು ಬಂದದ್ದು ತಿಳಿಯುತ್ತದೆ.

ಉಮಾಪತಿ


ಕುಷ್ಟಗಿ
೨೦ ಫೆಬ್ರವರಿ ೧೯೩೯

ನಮ್ಮ ಮನೆಯವರಿಗೆ ಶರಣು.

ನೀವು ಕೇಳಿದ ಎಲ್ಲದಕ್ಕೂ ಹೌದು. ಬೆನ್ನು ಚೂಪು. ತಿಂಡಿ ಉಗುಳುತ್ತಾಳೆ. ಬಿಳಿ ದಾರ ಜೋತಾಡುತ್ತದೆ. ಕೆಂಪು ಕೂದಲೂ ಕಂಡೆ, ಮೂರು ಎಳೆ. ನಾನು ಉಸಿರು ಬಿಟ್ಟೊಡನೆ ಒಳಗೆ ಹೋದವು. ಸಣ್ಣಪ್ಪನೂ ಸರಿಯಿಲ್ಲ. ಹಗಲೆಲ್ಲ ಕಲ್ಲಿನ ಹಿಂದೆ ಅಡಗಿಕೊಂಡಿರುತ್ತಾನೆ, ಕರೆದರೆ ಬರುವುದಿಲ್ಲ.

ಎಲ್ಲಿಂದ ಬಂತು ಎಂದು ನಾನೂ ಯೋಚಿಸಿದೆ. ಮಳೆಗಾಲದಿಂದ ನಿಡಶೇಸಿ ಕೆರೆಯ ನೀರನ್ನು ಬಟ್ಟೆಯಲ್ಲಿ ಸೋಸಿ, ಅದರಲ್ಲಿ ಜಿಗಿಯುವ ಸಣ್ಣ ಹುಳುಗಳನ್ನು ಇವರಿಗೆ ಹಾಕುತ್ತಿದ್ದೆವಲ್ಲ. ಅದರಿಂದಲೇ ಇರಬೇಕು. ನಿಲ್ಲಿಸಿದ್ದೇನೆ.

ಅತ್ತೆಯವರಿಗೆ ಹೇಳಲೇಬೇಕಾಯಿತು. ದೊಡ್ಡಮ್ಮನಿಗೆಂದು ಬೆಲ್ಲದ ಪಾಕ ಮಾಡಲು ಹೊರಟಿದ್ದರು. "ಬಸರಲ್ಲರಿ ಅತ್ತಿ, ಹೊಟ್ಟ್ಯಾಗ ಹುಳ," ಅಂದೆ. ಬೆಲ್ಲವನ್ನು ಮತ್ತೆ ಡಬ್ಬಿಗೆ ಹಾಕಿದರು. ಆಮೇಲೆ ನನ್ನ ಮುಖ ನೋಡದೆ, "ಈ ಮನ್ಯಾಗ ಬಸರು ಅನ್ನೂದು ಹುಳ ಆಗೇ ಹೊರಬೀಳತೈತೇನ?" ಅಂದರು. ಈ ಸಾಲನ್ನು ಅವರಿಗೆ ಓದಿ ಹೇಳುವುದಿಲ್ಲ. ನನ್ನ ಬಾಯಿ ನಿಮಗೆ ಗೊತ್ತು. ತಕ್ಕ ಉತ್ತರ ನಾಲಿಗೆಗೆ ಬಂದಿತ್ತು. ನಿಮಗಾಗಿ ನುಂಗಿದೆ. ರಾತ್ರಿ ಕಂದೀಲನ್ನು ಆ ಕೊಂಡಿಯಿಂದ ಇಳಿಸಲು ಹೋದೆ. "ಇರಲಿ ಬಿಡು," ಅಂದರು. ಅಷ್ಟೇ ಮಾತು.

ಸಾಲೆಯ ಹುಡುಗಿಯರು ಗಾಜಿನ ಮನೆ ನೋಡಲು ಸಂಜೆ ಬರುತ್ತಾರೆ, ಪಾಟಿ ಹಿಡಿದೇ. ನೋಡುವುದಕ್ಕೆ ಯಾರ ಪರವಾನಗಿಯೂ ಬೇಕಿಲ್ಲ. ಅವರು ನೋಡುತ್ತ ಕೂತಾಗ ನಾನು ಸುಮ್ಮನೆ ಕೂಡುವವಳಲ್ಲ ಎಂಬುದು ನಿಮಗೆ ಗೊತ್ತು. ಗಾಜಿನ ಮನೆ ಖಾಲಿಯಾದರೆ ಅವರು ಏನು ನೋಡಲು ಬರಬೇಕು?

ಔಷಧ ಬರೆಯಿರಿ. ಬೇಗ.

ನಿಮ್ಮ
ಪಂಪಾವತಿ


ಜೈಲು
೩ ಮಾರ್ಚ್ ೧೯೩೯

ಪಂಪಾ,

ಅವ್ವನ ಮಾತಿಗೆ ಇಲ್ಲಿಂದ ಉತ್ತರ ಬರೆಯಲಾರೆ. ಬಂದು ಹೇಳುತ್ತೇನೆ. ಅವಳಿಗಲ್ಲ, ನಿನಗೆ.

ಕೆರೆಯ ಹುಳುಗಳ ವಿಷಯ ನೀನು ಹೇಳಿದ್ದು ಸರಿ, ಜಂತು ಅದರ ಜೊತೆಗೇ ಬರುತ್ತದೆ. ಈ ಕಾಗದ ಮುಟ್ಟಿದ ದಿನದಿಂದ ಹೀಗೆ ಮಾಡು. ಗೋಧಿ ಹಿಟ್ಟಿನ ಸಣ್ಣ ಉಂಡೆಯನ್ನು ಬೆಳ್ಳುಳ್ಳಿ ರಸದಲ್ಲಿ ನೆನೆಸು. ಅದರಲ್ಲಿ ಮುತ್ತುಗದ ಬೀಜದ ಪುಡಿ, ಉಗುರಿನ ತುದಿಯಷ್ಟು. ಮಕ್ಕಳ ಹೊಟ್ಟೆಯ ಹುಳಕ್ಕೆ ಅವ್ವ ಕೊಡುವುದೂ ಅದೇ. ಅದು ಜಂತಿನ ಹಿಡಿತ ಸಡಿಲಿಸುತ್ತದೆ. ತಳದ ಹೊಲಸನ್ನು ದಿನಾ ತೆಗೆ, ಬಿದ್ದ ಹುಳು ಮತ್ತೆ ಹೊಟ್ಟೆಗೆ ಸೇರಬಾರದು. ನೀರನ್ನು ಒಮ್ಮೆಲೇ ಎಲ್ಲ ಬದಲಿಸಬೇಡ. ಅಮಾವಾಸ್ಯೆಯ ದಿನ ಇಬ್ಬರಿಗೂ ಉಪವಾಸ. ಯುಗಾದಿಯ ದಿನ ಬೆಳಿಗ್ಗೆ

[ಇಲ್ಲಿಂದ ಎರಡು ಸಾಲಿಗೆ ಕಪ್ಪು ಮಸಿ ಬಳಿದಿದೆ]

ಉಪ್ಪು

[ಮತ್ತೆ ಮಸಿ]

ಹೆದರಬೇಡ. ನೀರಿನಾಚೆಯಿಂದ ನಿನ್ನ ಮುಖ ನೋಡಿ ಎಷ್ಟು ದಿನವಾಯಿತು! ನಾವು ಆ ಕಡೆ ಈ ಕಡೆ ಕೂತಾಗ ನಿನ್ನ ಕಣ್ಣು ದೊಡ್ಡದಾಗಿ, ಮೂಗು ಸೊಟ್ಟಗಾಗಿ ಕಾಣುತ್ತಿತ್ತು. ನೆನೆಸಿಕೊಂಡರೆ ಹಾಗೇ ಕಾಣುತ್ತೀ. ನೆಟ್ಟಗಿನ ಮುಖ ಮರೆತೇಹೋದೀತೆಂದು ಭಯ.

ಉಮಾಪತಿ


ಕುಷ್ಟಗಿ
೨೪ ಮಾರ್ಚ್ ೧೯೩೯

ನಮ್ಮ ಮನೆಯವರಿಗೆ ಶರಣು.

ದೊಡ್ಡಮ್ಮ ಸತ್ತಳು.

ನಿಮ್ಮ ಕಾಗದ ಬಂದಾಗ ಅದರ ಮುಖಕ್ಕೆ ಮಸಿ ಬಳಿದಿತ್ತು. ಕಾಗದವನ್ನು ಬಿಸಿಲಿಗೆ ಹಿಡಿದೆ, ಹಿಂದಿನಿಂದ ನೋಡಿದೆ, ಬೆರಳಿನಿಂದ ತಡವಿದೆ. ಉಳಿದದ್ದು ಒಂದೇ ಮಾತು: ಉಪ್ಪು. ಯಾವ ಉಪ್ಪು, ಎಷ್ಟು, ಎಷ್ಟು ಹೊತ್ತು? ಬೆಳ್ಳುಳ್ಳಿ, ಮುತ್ತುಗದ ಬೀಜ ನೀವು ಹೇಳಿದಂತೆ ಕೊಟ್ಟೆ. ಅಮಾವಾಸ್ಯೆಗೆ ಇಬ್ಬರನ್ನೂ ಉಪವಾಸ ಇಟ್ಟೆ. ಯುಗಾದಿಯ ದಿನ ಬೇವು ಬೆಲ್ಲ ಬಾಯಿಗಿಟ್ಟುಕೊಂಡು ಅಡಿಗೆಯ ಉಪ್ಪನ್ನು ಹಿಡಿ ತುಂಬ ತೆಗೆದೆ. ಗಂಗಾಳದ ನೀರಿನಲ್ಲಿ ಕರಗಿಸಿ ದೊಡ್ಡಮ್ಮನನ್ನು ಬಿಟ್ಟೆ. ಸಣ್ಣಪ್ಪ ಕಲ್ಲಿನ ಹಿಂದೆ ಸೇರಿಕೊಂಡು ಕೈಗೆ ಸಿಗಲಿಲ್ಲ, ಅದಕ್ಕೇ ಬದುಕಿದ. ಅವಳು ಒಂದು ಸುತ್ತು ಸುತ್ತಿದಳು, ಮಗ್ಗುಲಿಗೆ ಮಲಗಿದಳು. ಬೇರೆ ನೀರಿಗೆ ಹಾಕಿದೆ, ಕೈಯಲ್ಲಿ ಹಿಡಿದು ನೀರಿನಲ್ಲಿ ಆಡಿಸಿದೆ. ಏಳಲಿಲ್ಲ.

ಈ ಕಾಗದವನ್ನೂ ಮೊದಲು ಓದುವವನು ಆ ಮಸಿಯ ಮನುಷ್ಯನೇ ತಾನೆ? ಓದಲಿ. ಏನಪ್ಪಾ, ನಿನ್ನ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ಹಕೀಮರು ಬರೆದ ಚೀಟಿಗೆ ಯಾರಾದರೂ ಮಸಿ ಸುರುವಿದರೆ ಏನು ಮಾಡುತ್ತೀ? ಒಂದು ಜೀವದ ಔಷಧದಲ್ಲಿ ನಿನ್ನ ಸರಕಾರ ಬೀಳುವಂಥದ್ದು ಏನಿತ್ತು? ಕೈ ನನ್ನದು, ಅದನ್ನು ನಾನು ಹೊರುತ್ತೇನೆ. ಮಸಿ ನಿನ್ನದು, ಅದನ್ನು ನೀನು ಹೊರು.

ಅತ್ತೆಯವರು ಅವಳನ್ನು ಹಿತ್ತಲಲ್ಲಿ ಮಣ್ಣು ಮಾಡಿದರು. ತಾವೇ ಕುಣಿ ತೋಡಿದರು. ನಮ್ಮವರಿಗೆ ಇಡುವಂತೆ ವಿಭೂತಿ ಇಟ್ಟರು. ನಾನು ನೋಡುತ್ತಲೇ ಇದ್ದೆ. ಮಣ್ಣು ಎಳೆಯುವಾಗ ಅಂದರು: "ಛಲೋ ಮೀನ ಇತ್ತವ್ವಾ." ಆ ಮಾತು, ಅವರ ಬಾಯಿಂದ.

ಸಂಜೆ ಹುಡುಗಿಯರು ಬಂದರು. "ಅಕ್ಕಾರ, ದೊಡ್ಡಮ್ಮ ಎಲ್ಲಿ ಹೋಗ್ಯಾಳ್ರಿ?" ಎಂದು ಹುಲಿಗವ್ವ ಕೇಳಿದಳು. ಗಾಜಿನ ಹಿಂದೆ ಒಬ್ಬನೇ ಉಳಿದಿದ್ದಾನೆ. ಅವನು ಹೋಗುವ ಮೊದಲು ಬರೆಯಿರಿ.

ಪಂಪಾವತಿ


ಕುಷ್ಟಗಿ
೧೬ ಏಪ್ರಿಲ್ ೧೯೩೯

ನಮ್ಮ ಮನೆಯವರಿಗೆ ಶರಣು.

ನಿಮ್ಮ ಕಾಗದ ಬರಲಿಲ್ಲ. ಅದರ ಬದಲು ಪೊಲೀಸರು ಬಂದರು.

ಬಂದವರು ನಮ್ಮ ಓಣಿಯ ಜಮಾದಾರ ಜಿಲಾನಿ ಕಾಕಾ. ಹಿಂದೆ ಒಬ್ಬ ಸಿಪಾಯಿ. ಕಟ್ಟೆಯ ಮೇಲೆ ಕೂತರು, ಕೊಟ್ಟ ನೀರು ಕುಡಿದರು, ಕಿಸೆಯಿಂದ ಉರ್ದು ಕಾಗದ ತೆಗೆದರು. ಮುಖ ಎಂದಿನ ಕಾಕಾನ ಮುಖವಾಗಿರಲಿಲ್ಲ.

"ಪಂಪವ್ವಾ, ಖರೇ ಹೇಳಬೇಕು. ಸಣ್ಣಪ್ಪ ಎಲ್ಲದಾನ?"

"ಕಲ್ಲಿನ ಹಿಂದ ಅದಾನ್ರಿ."

ಸಿಪಾಯಿ ಲಾಠಿ ಸರಿಮಾಡಿಕೊಂಡ. "ಯಾವ ಕಲ್ಲು? ಊರ ಹೊರಗಿನ ಗುಡ್ಡದ್ದೇನ?"

"ಮನ್ಯಾಗಿನ ಕಲ್ಲು."

"ಮನ್ಯಾಗ? ನಿನ್ನ ಮನ್ಯಾಗ ಇಟಗೊಂಡಿಯೇನ? ದೊಡ್ಡಮ್ಮ ಎಲ್ಲದಾಳ?"

"ಸತ್ತಳ್ರಿ. ನಿಮ್ಮವರ ಮಸಿಗೆ ಸತ್ತಳು."

ಕಾಕಾನಿಗೆ ಬೆವರು ಬಂತು. ಕಾಗದ ಬಿಡಿಸಿ, ಉರ್ದು ಓದಿ, ಒಂದೊಂದು ಮಾತನ್ನೂ ಕನ್ನಡದಲ್ಲಿ ನನ್ನ ಮುಂದೆ ಇಟ್ಟರು. ಕೈದಿ ತನ್ನ ಹೆಂಡತಿಗೆ ಬರೆದದ್ದು: "ಯುಗಾದಿಯ ದಿನ ಬೆಳಿಗ್ಗೆ ಗಾಜಿನ ಮನೆಯವರಿಗೆ ಇಂಕಿಲಾಬ್. ಒಂದು ಡಬ್ಬಿ ಚಿಮಣಿ ಎಣ್ಣೆ. ಒಂದು ಚಮಚ ಮದ್ದು. ಸೂರ್ಯ ನೆತ್ತಿಗೆ ಬರುವುದರೊಳಗೆ ಒಳಗಿರುವವರೆಲ್ಲ ಹೊರಗೆ ಬೀಳುತ್ತಾರೆ."

"ಈಗ ಹೇಳವ್ವಾ," ಅಂದರು. "ಚಿಮಣಿ ಎಣ್ಣಿ ಐತಿ, ಬಂದೂಕಿನ ಮದ್ದು ಐತಿ, ಜೈಲ್ ಒಡ್ಯಾಕ ದಿನಾನೂ ಗೊತ್ತುಮಾಡ್ಯಾರ. ನಿನ್ನ ಗಂಡ ಮಾಸ್ತರ ಅಂತ ತಿಳದಿದ್ದೆ ನಾ."

ಆ ಮಾತುಗಳನ್ನು ನನ್ನ ಬಾಯಲ್ಲಿ ಮತ್ತೊಮ್ಮೆ ಆಡಿಕೊಂಡೆ. ಆಮೇಲೆ ತಲೆಯಲ್ಲಿ ದೀಪ ಹಚ್ಚಿದಂತಾಯಿತು. "ಕಾಕಾ, ಇಂಕಿಲಾಬ್ ಅಲ್ಲರಿ ಅದು. ಜುಲಾಬು! ಜುಲಾಬು! ಹೊಟ್ಟಿ ತೊಳ್ಯಾಕ ತಗೊಳ್ಳೂ ಜುಲಾಬು!"

"ಏನಂದಿ?"

"ಮದ್ದಂದ್ರ ಔಷಧರಿ. ಚಿಮಣಿ ಎಣ್ಣಿ ಡಬ್ಬಿ ಅಂದ್ರ ನೀರಿನ ಅಳತಿ. ಒಳಗಿರೂರು ಅಂದ್ರ ಹೊಟ್ಟ್ಯಾಗಿನ ಹುಳ. ಬರ್ರಿ, ಸಣ್ಣಪ್ಪನ್ನ ತೋರಸ್ತೀನಿ."

ಬೂಟು ಬಿಚ್ಚಿ ನಡುಮನೆಗೆ ಬಂದರು. ಗಾಜಿನ ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರು. ಸಣ್ಣಪ್ಪ ಕಲ್ಲಿನ ಹಿಂದಿನಿಂದ ಅರ್ಧ ಮುಖ ಹಾಕಿ ಅವರನ್ನು ನೋಡಿದ. ಕಾಕಾ ನಕ್ಕದ್ದು ನೋಡಬೇಕಿತ್ತು, ಮೀಸೆ ಒದ್ದೆಯಾಗುವಷ್ಟು ನಕ್ಕರು. "ಯಾ ಅಲ್ಲಾ! ಸರಕಾರಕ್ಕ ಜುಲಾಬು ಹತ್ತೇತಲ್ಲವ್ವಾ!" ಸಿಪಾಯಿ ಮಾತ್ರ ನಗಲಿಲ್ಲ. ಅವನಿಗೆ ಇನ್ನೂ ಅನುಮಾನ, ಕಲ್ಲಿನ ಹಿಂದೆ ಕೈ ಹಾಕಿ ನೋಡಿದ.

ನಮ್ಮ ಮೊದಲಿನ ಕಾಗದಗಳನ್ನು ಓದಿದ ಗುಮಾಸ್ತ ವರ್ಗವಾಗಿ ಹೋದನಂತೆ. "ಹೊಸಬಗ ಕನ್ನಡ ಓದಾಕ ಬರತೈತಿ, ತಿಳ್ಯಾಕ ಬರೂದಿಲ್ಲ," ಅಂದರು ಕಾಕಾ. ನಿಮ್ಮ ಕನ್ನಡ ಉರ್ದುವಿಗೆ ಹೋಯಿತು, ಉರ್ದುವಿನಿಂದ ಮೇಲಿನವರ ಕಣ್ಣಿಗೆ ಹೋಯಿತು. ಒಂದೊಂದು ಮೆಟ್ಟಿಲಿಗೂ ಒಂದೊಂದು ಮಾತು ಕೈಕಾಲು ಮುರಿದುಕೊಂಡಿತು. ತಮಗೆ ಬರುವ ಭಾಷೆಯನ್ನೇ ಜನ ಆಡಬೇಕೆನ್ನುವವರಿಗೆ ಜನ ಏನಾಡಿದರೂ ಬಾಂಬೇ ಕೇಳಿಸುತ್ತದೆ.

ನಗು ಮುಗಿದ ಮೇಲೆ ಕಾಕಾ ಅಂದರು: "ನಾ ನಕ್ಕದ್ದು ಕಾಗದದಾಗ ಬರ್ಯಾಕ ಆಗೂದಿಲ್ಲವ್ವಾ." ಮೇಲಿನ ಹುಕುಂ ಹೀಗಿದೆ. ಒಂದೋ ನಾನು ಮುಚ್ಚಳಿಕೆ ಬರೆದುಕೊಡಬೇಕು: ಗುಪ್ತ ಮಾತಿನಲ್ಲಿ ಕಾಗದ ಬರೆದದ್ದು ತಪ್ಪಾಯಿತು, ಇನ್ನು ಮೇಲೆ ಕನ್ನಡದಲ್ಲಿ ಬರೆಯುವುದಿಲ್ಲ. ಇಲ್ಲವೆಂದರೆ ಗಾಜಿನ ಮನೆಯವರೆಂಬವರಲ್ಲಿ ಒಬ್ಬರನ್ನಾದರೂ ಜೈಲಿನ ಸಾಹೇಬರ ಮುಂದೆ ಹಾಜರುಪಡಿಸಬೇಕು. ಅಲ್ಲಿಯವರೆಗೆ ಮುಲಾಖತ್ ಬಂದ್.

"ಸಹಿ ಮಾಡಿಬಿಡು ತಂಗೀ, ಒಂದು ಗೆರಿ," ಅಂದರು.

"ಜುಲಾಬಿಗೆ ಮಾಫಿ ಕೇಳಿದ್ರ ನಾಳೆ ಸೀನಿದ್ದಕ್ಕೂ ಕೇಳಬೇಕಾಗತೈತಿ ಕಾಕಾ. ಹಾಜರುಪಡಸ್ತೀನಿ ಅಂತ ಬರಕೋರಿ."

ಅವರು ಹೋದ ಮೇಲೆ ನನಗೆ ಹೊಳೆದದ್ದು: ನಿಮ್ಮ ಔಷಧ ಪೂರ್ತಿ ನನ್ನ ಕೈಗೆ ಬಂದಿದೆ. ಮಸಿಯಿಂದ ಉಳಿದ ‘ಉಪ್ಪು’ ಎಂಬ ಮಾತನ್ನು ಅದಕ್ಕೆ ಸೇರಿಸಿದರಾಯಿತು: ಡಬ್ಬಿ ತುಂಬ ನೀರು, ಒಂದು ಚಮಚ ಜುಲಾಬಿನ ಉಪ್ಪು. ಮಸಿ ಬಳಿದವರೇ ಮನೆಗೆ ಬಂದು ಓದಿ ಹೇಳಿ ಹೋದರು. ಆ ಉಪ್ಪಿನ ಪುಡಿಕೆ ಅತ್ತೆಯವರ ಪೆಟ್ಟಿಗೆಯಲ್ಲೇ ಇತ್ತು. ದೊಡ್ಡಮ್ಮ ಸತ್ತ ಗಂಗಾಳದಿಂದ ಕೈ ಚಾಚಿದರೆ ಸಿಗುತ್ತಿತ್ತು.

ಸಣ್ಣಪ್ಪನಿಗೆ ಮತ್ತೆ ಬೆಳ್ಳುಳ್ಳಿ, ಮುತ್ತುಗದ ಬೀಜ ಕೊಟ್ಟೆ. ಒಂದು ದಿನ ಉಪವಾಸ. ಮರುದಿನ ಬೆಳಿಗ್ಗೆ ಡಬ್ಬಿಯ ನೀರಿನಲ್ಲಿ ಬಿಟ್ಟು ಅತ್ತೆಯವರೂ ನಾನೂ ಆ ಕಡೆ ಈ ಕಡೆ ಕೂತೆವು. ಮಧ್ಯಾಹ್ನಕ್ಕೆ ಕೆಂಪು ಎಳೆಗಳು ತಳಕ್ಕೆ ಬಿದ್ದವು. ಒಂದು, ಆಮೇಲೆ ಎರಡು ಒಟ್ಟಿಗೆ. ಅತ್ತೆಯವರು ಹೆರಿಗೆ ಮನೆಯಲ್ಲಿ ಕೂತವರ ಹಾಗೆ, "ಬಂತು, ಇನ್ನೊಂದು ಬಂತು," ಅನ್ನುತ್ತಿದ್ದರು. ಮೂರನೆಯ ದಿನ ಅವನು ಹಿಟ್ಟಿನ ಉಂಡೆ ತಿಂದ. ಉಗುಳಲಿಲ್ಲ.

ನಿಮ್ಮ
ಪಂಪಾವತಿ


ಜೈಲು
೫ ಮೇ ೧೯೩೯

ಪಂಪಾ,

ನನ್ನನ್ನು ಇಷ್ಟು ದಿನ ಒಂಟಿ ಕೋಣೆಯಲ್ಲಿ ಇಟ್ಟಿದ್ದರು. ಸಾಹೇಬರು ಕರೆಸಿ, ಇಂಕಿಲಾಬ್ ಯಾವಾಗ ಎಂದು ಕೇಳಿದರು. ನಾನು ನಕ್ಕೆ. ನಕ್ಕದ್ದೇ ಗುನ್ಹೆಯಾಯಿತು. ಈಗ ಮತ್ತೆ ಎಲ್ಲರ ಜೊತೆ ಬಿಟ್ಟಿದ್ದಾರೆ.

ಮಾರ್ಚಿನ ನಿನ್ನ ಕಾಗದದಲ್ಲಿ ಮೊದಲ ಸಾಲು ಬಿಟ್ಟರೆ ಎಲ್ಲ ಕಪ್ಪು. ಕೊಡಲು ಬಂದ ವಾರ್ಡನ್, "ನಿಮ್ಮ ದೊಡ್ಡಮ್ಮ ತೀರಿಕೊಂಡರಂತ, ಕೇಳಿ ಕೆಟ್ಟ ಅನಿಸ್ತು," ಎಂದು ತಲೆ ತಗ್ಗಿಸಿ ನಿಂತ. ಸಾವಿನ ಸ್ನಾನಕ್ಕೆಂದು ಎರಡು ಕೊಡ ನೀರು ಹೆಚ್ಚು ಕೊಡಿಸಿದ. ನಾನು ಬೇಡ ಅನ್ನಲಿಲ್ಲ. ಸ್ನಾನ ಮಾಡಿದೆ. ಅಳು ಬಂದದ್ದು ನೀರಿನಲ್ಲಿ ಹೋಯಿತು. ಯಾರಿಗಾಗಿ ಅತ್ತೆನೋ, ಬರೀ ಅವಳಿಗಾಗಿಯಂತೂ ಅಲ್ಲ.

ಏಪ್ರಿಲಿನದು ಪೂರ್ತಿ ಬಂದಿದೆ. ಮಸಿ ಬಳಿಯುವವನಿಗೂ ಈಗ ನಾಚಿಕೆಯೋ, ಮಸಿ ತೀರಿತೋ. ಹತ್ತು ಸಲ ಓದಿದೆ.

ಹಾಜರುಪಡಿಸಲು ಬರಬೇಡ. ಮೇ ಬಿಸಿಲಿನಲ್ಲಿ ಮೋಟಾರು, ರೈಲು, ಗುಂತಕಲ್ಲಿನ ಕಾಯುವಿಕೆ. ಅವನಿಗೆ ಈಗಷ್ಟೇ ಹೊಟ್ಟೆ ಹಸನಾಗಿದೆ, ದಾರಿಯಲ್ಲೇ ಸಾಯುತ್ತಾನೆ. ಅವನು ಸತ್ತರೆ ಹುಡುಗಿಯರು ಏನು ನೋಡಲು ಬರಬೇಕು ಎಂದು ನೀನೇ ಕೇಳಿದ್ದೆ. ನನ್ನನ್ನು ನೋಡದಿದ್ದರೆ ದಸರೆಯವರೆಗೆ ಕಾದರಾಯಿತು. ಈ ಸಾಲನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ, ಕಾಗದ ನೋಡಿದರೆ ನಿನಗೆ ತಿಳಿದೀತು.

ಮುಚ್ಚಳಿಕೆಗೆ ಸಹಿ ಬೇಡವೇ ಬೇಡ. ಸರಿ ಮಾಡಿದಿ.

ಒಂದು ವೇಳೆ ನನ್ನ ಮಾತು ಕೇಳದೆ ಹೊರಟರೆ (ನೀನು ಯಾವತ್ತು ಕೇಳಿದ್ದೀ) ತಾಮ್ರದ ಕೊಡದಲ್ಲಿ ತರಬೇಡ, ತಾಮ್ರ ಅವರಿಗೆ ವಿಷ. ಅಗಲ ಬಾಯಿಯ ಹಳೆಯ ಮಣ್ಣಿನ ಗಡಿಗೆ. ಅರ್ಧಕ್ಕಷ್ಟೇ ನೀರು, ಗಾಜಿನ ಮನೆಯದೇ ನೀರು. ಉಳಿದರ್ಧ ಗಾಳಿಗೆ. ಸುತ್ತ ಒದ್ದೆ ಗೋಣಿ. ಹೊರಡುವ ಹಿಂದಿನ ದಿನ ತಿಂಡಿ ಬೇಡ.

ಉಮಾಪತಿ


ಕುಷ್ಟಗಿ
೧೦ ಜೂನ್ ೧೯೩೯

ನಮ್ಮ ಮನೆಯವರಿಗೆ ಶರಣು.

ಬರಬೇಡ ಎಂದು ಅರ್ಧ ಪುಟ ಬರೆದಿರಿ, ಹೇಗೆ ಬರಬೇಕು ಎಂದೂ ಬರೆದಿರಿ. ನಾನು ಎರಡನೆಯದನ್ನು ಓದಿದೆ.

ಮೇ ತಿಂಗಳು ನಿಮ್ಮ ಮಾತು ಕೇಳಿದೆ, ಅಷ್ಟು ಸಾಕು. ಮೊನ್ನೆ ಮಿರಗದ ಮಳೆ ಬಿತ್ತು. ಎರೆ ಹೊಲ ಕಪ್ಪಗಾಗಿವೆ, ಗಾಳಿ ತಣ್ಣಗಿದೆ. ಗಡಿಗೆ ಹುಡುಕಿದ್ದೇನೆ. ಸಣ್ಣಪ್ಪನನ್ನು ಅದರಲ್ಲಿಟ್ಟು ಬಂಡಿಯಲ್ಲಿ ನಿಡಶೇಸಿಯ ತನಕ ಹೋಗಿ ಬಂದು ನೋಡಿದೆ. ಕುಲುಕಾಟಕ್ಕೆ ಬೈದುಕೊಂಡಿರಬೇಕು, ಆದರೆ ಮನೆಗೆ ಬಂದೊಡನೆ ತಿಂಡಿ ಕೇಳಿದ. ಕಲ್ಲಿನ ಹಿಂದೆ ಈಗ ಅಡಗುವುದಿಲ್ಲ.

ಅವನು ದಾರಿಯಲ್ಲಿ ಸತ್ತರೆ ಎಂದು ನೀವು ಕೇಳಿದಿರಿ. ನನಗೂ ಆ ಭಯ ಇದೆ. ಹುಡುಗಿಯರಿಗೆ ಹೇಳಿದೆ. ಹುಲಿಗವ್ವ ಅಂದದ್ದು: "ಅಕ್ಕಾರ, ಅಂವ ಹೋದ್ರ ನಾವು ಖಾಲಿ ಗಾಜು ನೋಡಾಕ ಬರ್ತೀವ್ರಿ." ಅಷ್ಟು ಕೇಳಿದ ಮೇಲೆ ನನಗೆ ಇನ್ನಾವ ಅಂಜಿಕೆ?

ಜಿಲಾನಿ ಕಾಕಾ ಹಾಜರಾತಿಯ ಕಾಗದ ಬರೆದುಕೊಟ್ಟಿದ್ದಾರೆ. ಉರ್ದುವಿನಲ್ಲಿ, ದಪ್ಪ ಅಕ್ಷರದಲ್ಲಿ. ಓದಿ ಹೇಳಿದರು: ಗಾಜಿನ ಮನೆಯವರ ಪೈಕಿ ಬದುಕಿರುವ ಒಬ್ಬನೇ ಆಸಾಮಿ ಸಣ್ಣಪ್ಪ, ಬಣ್ಣ ಕೆಂಪು, ಬಾಲ ಹರಿದದ್ದು, ನೀರಿನ ಹೊರಗೆ ಬಯಾನು, ಅಂದರೆ ಹೇಳಿಕೆ, ಕೊಡಲಾರ. ಜೈಲಿನಿಂದ ಅದಕ್ಕೆ ಮಂಜೂರಿ ಬಂದಿದೆ. ಮಂಜೂರಿ ಕೊಟ್ಟವನು ಅದನ್ನು ಓದಿದನೋ, ಸುಮ್ಮನೆ ಮುದ್ರೆ ಒತ್ತಿದನೋ ತಿಳಿಯದು. ಸಾಹೇಬರು ಗಡಿಗೆಯೊಳಗೆ ಇಣುಕಿ ನೋಡಲಿ. ಅಲ್ಲಿ ಇಂಕಿಲಾಬ್ ಕಂಡರೆ ಹಿಡಿದುಕೊಳ್ಳಲಿ.

ಅತ್ತೆಯವರು ರೊಟ್ಟಿ ಬಡಿಯುತ್ತಿದ್ದಾರೆ. ಈ ಸಲ ಸಿಪಾಯಿಗೆ ಬೇರೆ ಗಂಟು, ನಿಮಗೆ ಬೇರೆ ಗಂಟು. ನಿನ್ನೆ ತಲೆ ಬಾಚುವಾಗ, "ಅವಗ ಹೇಳು, ನಾ ಆಡಿದ ಮಾತು ನಾನ ನುಂಗೀನಿ ಅಂತ," ಅಂದರು. ಯಾವ ಮಾತು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಂದೀಲು ಇನ್ನೂ ಆ ಕೊಂಡಿಯಲ್ಲೇ ಇದೆ. ಅದನ್ನು ಇಳಿಸುವುದೋ ಬಿಡುವುದೋ ನೀವು ಬಂದ ಮೇಲೆ ನೋಡೋಣ.

ನಡುವೆ ತಂತಿಯ ಜಾಳಿಗೆ ಇರುತ್ತದಂತೆ. ಇರಲಿ. ನಾವು ಗಾಜಿನಾಚೆ ಈಚೆ ಕೂತು ರೂಢಿಯಾದವರು. ಈ ಸಲ ನಡುವೆ ನೀರಿಲ್ಲ, ಮೂಗು ನೆಟ್ಟಗೆ ಕಂಡೀತು. ನೋಡಿಕೊಳ್ಳಿ.

ಕಡೆಯ ಮಾತು. ಬಾಗಿಲಲ್ಲಿ ಕೈದಿಯ ಹೆಸರನ್ನು ಬಾಯಿಬಿಟ್ಟು ಹೇಳಬೇಕು, ಹೇಳದಿದ್ದರೆ ಡಿಸೆಂಬರಿನ ಗತಿಯೇ. ಹಿತ್ತಲ ಬಾವಿಯ ಹತ್ತಿರ ಯಾರೂ ಇಲ್ಲದಾಗ ಹೇಳಿ ರೂಢಿ ಮಾಡಿಕೊಂಡಿದ್ದೇನೆ. ಮೊದಲ ಸಲ ಅರ್ಧ ಹೆಸರೇ ಬಂತು. ಎರಡನೆಯ ಸಲ ಬಾವಿಗೆ ಬಿತ್ತು, ತಿರುಗಿ ನನಗೇ ಕೇಳಿಸಿತು. ಉಮಾಪತಿ. ಕಾಗದದಲ್ಲಿ ಬರೆದದ್ದೂ ಇದೇ ಮೊದಲು. ಇದಕ್ಕೆ ಮಸಿ ಬಳಿಯುವವನಿದ್ದರೆ ಬಳಿಯಲಿ, ಬಾಗಿಲಲ್ಲಿ ಒಳಗಿನವರೆಲ್ಲರಿಗೂ ಕೇಳುವಂತೆ ಕೂಗಿ ಹೇಳುತ್ತೇನೆ. ನೀವು ಗೋಡೆಯ ಆಚೆ ಕಿವಿ ಕೊಟ್ಟು ನಿಂತಿರಿ: ಜೂನ್ ಹತ್ತೊಂಬತ್ತು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ.

ನಿಮ್ಮ
ಪಂಪಾವತಿ